ಹನ್ನೆರಡನೆಯವನ ಕಾಲು

ಹನ್ನೊಂದು ಮಂದಿ ಕುಳಿತಿದ್ದ ಬೆಂಚಿನ ತುದಿಗೆ ಗಡಿಗೆಪ್ಪ ಬಂದು ಕುಳಿತ. ಪಕ್ಕದವನು ಗಕ್ಕನೆ ಸರಿದ, ಅವನ ಹಿಂದೆ ಇಡೀ ಸಾಲೇ ಸರಿಯಿತು. ಊರ ಹೊರಗಿನ ಗುಡಿಸಲಿನ ಕುಷ್ಠರೋಗಿ ಅವನು, ಎರಡೂ ಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದ. ಚರ್ಚಿನ ಉಪದೇಶಿ ಸಮಾಧಾನಪ್ಪ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟ.

ಯೇಸುಸ್ವಾಮಿ ತನ್ನ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದದ್ದನ್ನು ನೆನೆಯುವ ಗುರುವಾರ ಅದು. ರಾಯಚೂರಿನ ಪಾದ್ರಿಗಳಿಗೆ ಜ್ವರ ಬಂದು, ಈ ವರ್ಷ ಕುರ್ಡಿ ಊರಿನ ಹನ್ನೆರಡು ಮಂದಿಯ ಕಾಲು ತೊಳೆಯುವ ಕೆಲಸ ಸಮಾಧಾನಪ್ಪನ ಪಾಲಿಗೆ ಬಂದಿತ್ತು. ತುಂಬಿದ ಕೊಡ ತುಳುಕುವುದಿಲ್ಲವಂತೆ. ಈತ ಮಾತ್ರ ಎಂಟು ದಿನದಿಂದ ಓಣಿ ಓಣಿಯಲ್ಲಿ ತುಳುಕಾಡಿದ್ದ. "ಪಾದ್ರಿಗಳು ಬರೇ ನೀರು ಚಿಮಕಸ್ತಾರ. ನಾ ತಿಕ್ಕಿ ತೊಳಿತೀನಿ, ಯಾರ ಕಾಲಾದ್ರೂ! ತಗ್ಗಿ ನಡಿಯೂದ್ರಾಗ ನನ್ನ ಮೀರಿಸೋರು ಯಾರದಾರ? ಮೊನ್ನಿ ಪ್ರಾರ್ಥನಿಗೆ ಕುಂತಾಗ ಕಾದ ಮೇಣ ಎಡಗೈ ಮ್ಯಾಲ ಸುರೀತು. ಮಿಸುಕಿದ್ರ ಕೇಳು. ಭಕ್ತಿ ಅಂದ್ರ ಹಂಗಿರಬೇಕು!"

"ಯಾರ ಕಾಲಾದ್ರೂ ತೊಳಿತೀನಿ ಅಂದ್ರಂತ. ಅದಕ್ಕ ಬಂದೆ, ಯಪ್ಪಾ," ಎಂದ ಗಡಿಗೆಪ್ಪ.

ಹೋಗು ಎನ್ನುವಂತಿಲ್ಲ, ಆಡಿದ ಮಾತು ಊರೆಲ್ಲ ಕೇಳಿದೆ. ಮುಟ್ಟಿದರೆ ರೋಗ ಅಂಟಿ ತನ್ನ ಬೆರಳೂ ಅವನ ಬೆರಳಿನಂತೆ ಸವೆದುಹೋದರೆ? ಸಮಾಧಾನಪ್ಪ ಆ ಹನ್ನೊಂದು ಜನರ ಕಾಲನ್ನು ಬೇಕೆಂತಲೇ ನಿಧಾನವಾಗಿ ತೊಳೆದ. ಗಡಿಗೆಪ್ಪನ ಸರದಿ ಬಂದಾಗ, ಕುದಿನೀರಿಗೆ ರೋಗ ಸಾಯುತ್ತದೆಂದು ಎಲ್ಲೋ ಕೇಳಿದ್ದು ನೆನಪಾಯಿತು.

"ಮಾನಮ್ಮಾ, ನೀರು ಕಾಸಿ ತಾ. ಚಲೋ ಕುದಿಬೇಕು ನೋಡು!"

ಹೆಂಡತಿ ಮಾನಮ್ಮ ಬಿಸಿನೀರು ತಂದು ಹಿತ್ತಾಳೆಯ ಅಗಲವಾದ ಪರಾತಕ್ಕೆ ಸುರಿದಳು. ಗಡಿಗೆಪ್ಪ ಕಾಲಿನ ಬಟ್ಟೆ ಬಿಚ್ಚತೊಡಗಿದ. ಅತ್ತ ನೋಡಲಾರದೆ ಸಮಾಧಾನಪ್ಪ ಕಣ್ಣುಮುಚ್ಚಿ ಎಡಗೈಯನ್ನು ನೀರಿಗೆ ಇಳಿಸಿದ.

"ಇದೇನ್ಬೇ, ಉಗುರುಬೆಚ್ಚಗೂ ಇಲ್ಲ! ಕಾಸಿ ತಾ ಅಂದ್ರ ಬಾವಿ ನೀರು ತಂದೀಯಲ್ಲ!"

"ಈಗ ಒಲಿ ಮ್ಯಾಲಿಂದ ಇಳಿಸೀನ್ರೀ." ಮಾನಮ್ಮ ಬಗ್ಗಿ ಬೆರಳು ಅದ್ದಿದವಳು "ಯವ್ವಾ!" ಎಂದು ಚೀರಿ ಕೈ ಕಿತ್ತುಕೊಂಡಳು.

ಸಮಾಧಾನಪ್ಪ ಕಣ್ಣು ತೆರೆದ. ಅವನ ಕೈ ಇನ್ನೂ ನೀರಿನಲ್ಲೇ ಇತ್ತು, ಸುತ್ತ ಹಬೆ ಏಳುತ್ತಿತ್ತು. ಗಡಿಗೆಪ್ಪನೇ ಬಗ್ಗಿ, ತನ್ನ ಮೊಂಡು ಕೈಗಳಿಂದ ಆ ಕೈಯನ್ನು ಮೇಲೆತ್ತಿದ. ಚರ್ಮ ಕೆಂಪಗಾಗಿ ಬೊಬ್ಬೆ ಏಳುತ್ತಿತ್ತು.

"ಉರಿ ಆಗವಲ್ದಾ, ಯಪ್ಪಾ?"

ಸಮಾಧಾನಪ್ಪ ಇಲ್ಲವೆಂದು ತಲೆಯಾಡಿಸಿದ. ಆ ಕೈ ಯಾರದೋ ಕೈಯಂತೆ ಸುಮ್ಮನಿತ್ತು. ಅವತ್ತು ಮೇಣ ಬಿದ್ದದ್ದೂ ಇದೇ ಕೈ ಮೇಲೆ.

"ಮುಳ್ಳು ತುಳಿದ್ರೂ ನನಗ ನೋಯಂಗಿಲ್ಲ ಅಂತ ನಾನೂ ಊರ ತುಂಬ ಹೇಳ್ಕೋತ ಅಡ್ಡಾಡ್ತಿದ್ದೆ," ಎಂದ ಗಡಿಗೆಪ್ಪ ಮೆಲ್ಲಗೆ. "ಆ ಸೊಕ್ಕಿನಾಗ ದವಾಖಾನಿಗೆ ಹೋಗೂದು ತಡಾ ಮಾಡಿದೆ. ನೀವು ಮಾಡಬ್ಯಾಡ್ರಿ." ಪಕ್ಕದಲ್ಲಿದ್ದ ಕೊಡದ ತಣ್ಣೀರನ್ನು ಆ ಕೈ ಮೇಲೆ ನಿಧಾನಕ್ಕೆ ಸುರಿದ.

"ಗಡಿಗೆಪ್ಪಾ, ನನಗ ಅಂಜಿಕಿ ಆಗಾಕತ್ತೈತೋ," ಎಂದ ಸಮಾಧಾನಪ್ಪ. ಅವನ ಬಾಯಲ್ಲಿ ಅಂಥ ಮಾತನ್ನು ಊರು ಕೇಳಿದ್ದು ಅದೇ ಮೊದಲು.

ಬೆಂಚಿನ ಮೇಲೆ ಹನ್ನೊಂದು ಮಂದಿ, ಅವನು ಈಗಷ್ಟೇ ತೊಳೆದ ತಮ್ಮ ಕಾಲುಗಳನ್ನು ಧೋತರದ ಚುಂಗಿನಿಂದ ಉಜ್ಜಿ ಉಜ್ಜಿ ಒರೆಸಿಕೊಳ್ಳುತ್ತಿದ್ದರು.