ಗಂಟಲಿಗೆ ಪರ್ಮಿಷನ್

“ಎರಡು ಸಾದಾ, ಒಂದು ರವಾ... ಬೇಗಾ!”

ಹೋಟೆಲಿನ ಸಪ್ಲೈಯರ್ ಮೋನಪ್ಪ ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದ ಕೂಗು ತಮಿಳು ಸೀಮೆಯ ವಡಪಳನಿಯ ಗಾಳಿಯಲ್ಲಿ ಇನ್ನೂ ಇರುವಾಗಲೇ ಮಹಡಿಯ ಮೆಟ್ಟಿಲಿಳಿದು ವಿಷ್ಣುತೀರ್ಥರು ಬಂದರು. ಇನ್ಶೂರೆನ್ಸ್ ಕಂಪನಿಯಲ್ಲಿ ದೊಡ್ಡ ಆಫೀಸರಾಗಿ ರಿಟೈರಾದವರು, ಹೋಟೆಲಿನ ಮೇಲೆಯೇ ಮನೆ, ಕನ್ನಡ ಸಂಘಕ್ಕೆ ಅಧ್ಯಕ್ಷರು. ಇಂಥವರು ಸಿಟ್ಟು ಬಂದರೆ ಬೈದಷ್ಟಕ್ಕೇ ಬಿಡುವುದಿಲ್ಲ, ಇಂಗ್ಲಿಷಿನಲ್ಲಿ ಅರ್ಜಿ ಬರೆಯುತ್ತಾರೆ.

“ಏನ್ರೀ ರಾಮದಾಸ್, ಇದು ಹೋಟೆಲ್ಲೋ ಕೊತ್ತವಾಲ್ ಚಾವಡಿ ಸಂತೀನೋ? ಈ ಮೋನಪ್ಪನ ಗದ್ದಲದ ಮ್ಯಾಲೆ ಪೊಲೀಸ್ ಸ್ಟೇಷನ್ನಿಗೆ ಬರದು ಕೊಟ್ಟೀನಿ. ಇವನ ಬಾಯಿ ಮುಚ್ಚಸ್ರಿ, ಇಲ್ಲಾ ಹೋಟೆಲ್ ಮುಚ್ಚರಿ.”

“ಕೂಗದಿದ್ರೆ ಒಳಗಿದ್ದ ಭಟ್ರಿಗೆ ಗೊತ್ತಾಗುದು ಹೇಗೆ ಸಾರ್?” ಎಂದ ಹೋಟೆಲಿನ ಯಜಮಾನ ರಾಮದಾಸ.

“ಬೆರಳ ಮಾಡಿ ತೋರಸ್ರಿ. ದೇವರು ಮನುಷ್ಯಾಗ ಬೆರಳ ಮತ್ಯಾಕ ಕೊಟ್ಟಾನ?”

ಸಾಂಬಾರಿನಲ್ಲಿ ಜಿರಳೆ ಸಿಕ್ಕರೂ ಹೆದರದ ರಾಮದಾಸ ಅರ್ಜಿ ಎಂದರೆ ನಡುಗುವವನು. ಮೋನಪ್ಪನನ್ನು ಗಲ್ಲಾದ ಹತ್ತಿರ ಕರೆದ. “ನೋಡು, ಇನ್ನೊಮ್ಮೆ ನಿನ್ನ ಸ್ವರ ಕೇಳಿತೋ, ಸೀದಾ ಊರಿನ ಬಸ್ಸು ಹತ್ತಿಸ್ತೇನೆ. ಆಮೇಲೆ ನನ್ನನ್ನು ದೂರಬೇಡ.”

“ಆಯ್ತು ಧಣಿ,” ಎಂದ ಮೋನಪ್ಪ. ಊರಿನಲ್ಲಿ ಅವನಿಗೆ ಗದ್ದೆಯೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಇದ್ದದ್ದು ಇವನ ದುಡಿಮೆಯನ್ನೇ ನಂಬಿ ಕೂತ ಹೆಂಡತಿ ತುಂಗಾ. ಬಾಯಿಗೆ ಬೀಗ ಹಾಕಿಕೊಂಡು ಬೆರಳೆತ್ತತೊಡಗಿದ. ಎರಡು ದೋಸೆಗೆ ಎರಡು ಬೆರಳೆತ್ತಿದರೆ, ತಿಂಡಿಗೆ ಬಂದಿದ್ದ ಸಿನಿಮಾ ಸ್ಟುಡಿಯೋ ಲೈಟ್‌ಮನ್‌ಗಳು ಅದನ್ನು ಎರಡೆಲೆಯ ಎಲೆಕ್ಷನ್ ಚಿಹ್ನೆ ಎಂದುಕೊಂಡು ಮೇಜು ಕುಟ್ಟಿ ಜೈಕಾರ ಹಾಕಿದರು. ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂಬ ಗೋಡೆಯ ಬೋರ್ಡು ಸುಮ್ಮನೆ ನೋಡುತ್ತಿತ್ತು. ಒಳಗೆ ಹಬೆಯಲ್ಲಿ ನಿಂತ ಭಟ್ಟರಿಗೆ ಬೆರಳೂ ಕಾಣಲಿಲ್ಲ, ದೋಸೆಯೂ ಬರಲಿಲ್ಲ.

ಎಮರ್ಜೆನ್ಸಿ ಮುಗಿದು ಎಲ್ಲರಿಗೂ ಬಾಯಿ ಬಂದಿದ್ದ ವರ್ಷ ಅದು. ಹಿಂದಿನ ವರ್ಷ ಕೆಮ್ಮುವುದಕ್ಕೂ ಹೆದರುತ್ತಿದ್ದವರೆಲ್ಲ ಈಗ ಭಾಷಣಕಾರರು. ಭಾನುವಾರ ಹೋಟೆಲಿನ ಮುಂದಿನ ಬೀದಿಯಲ್ಲೇ ಕನ್ನಡ ಸಂಘದ ಸಭೆ; ವಿಷ್ಣುತೀರ್ಥರ ಭಾಷಣ; ವಿಷಯ, ವಾಕ್ ಸ್ವಾತಂತ್ರ್ಯ. ಮಧ್ಯಾಹ್ನದಿಂದಲೇ ಲೈಟುಕಂಬಗಳಿಗೆ ಕಟ್ಟಿದ ಹಾರ್ನ್ ಸ್ಪೀಕರ್‌ಗಳು ‘ಹಲೋ, ಹಲೋ’ ಎಂದು ಒರಲುತ್ತಿದ್ದವು. ಎದುರುಮನೆಯ ಬಾಣಂತಿ ಕಲಾವತಿ ಕೂಸನ್ನು ಎತ್ತಿಕೊಂಡು ಹೊರಗೆ ಬಂದು, “ಸ್ವಲ್ಪ ಸಣ್ಣಗೆ ಮಾಡಿ ಸಾರ್, ಮಗು ತೂಂಗಲ್ಲ, ನಿದ್ದೇಲಿ ಬೆಚ್ಚಿಬೀಳುತ್ತೆ,” ಎಂದಳು.

“ಇದು ಗದ್ದಲ ಅಲ್ಲಮ್ಮಾ, ಕಾರ್ಯಕ್ರಮ,” ಎಂದರು ವಿಷ್ಣುತೀರ್ಥರು.

ಸಂಜೆ ಬ್ಯಾಂಕು, ರೈಲ್ವೆಯ ಕನ್ನಡದವರೆಲ್ಲ ಮಲ್ಲಿಗೆ ಮುಡಿದ ಹೆಂಡಂದಿರ ಜೊತೆ ಬಂದು ಕೂತರು. ವಿಷ್ಣುತೀರ್ಥರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ಕರೆಂಟು ಹೋಯಿತು. ಮೈಕಿಲ್ಲದ ಅವರ ದನಿ ಎರಡನೆಯ ಸಾಲಿಗೂ ಮುಟ್ಟಲಿಲ್ಲ. ಜನ ಬೀಸಣಿಗೆ ಆಡಿಸುತ್ತಾ ಎದ್ದು ಹೋಗುವ ಲಕ್ಷಣ ತೋರಿಸಿದಾಗ ಅವರು ಸೀದಾ ಹೋಟೆಲಿನೊಳಕ್ಕೆ ನುಗ್ಗಿದರು.

“ಮೋನಪ್ಪಾ, ಬಾರಪ್ಪಾ. ನಾ ಹೇಳಿದ್ದನ್ನ ಹಂಗ ಜೋರಾಗಿ ಕೂಗು.”

ಮೋನಪ್ಪ ಧಣಿಯ ಮುಖ ನೋಡಿ ತುಟಿಯ ಮೇಲೆ ಬೆರಳಿಟ್ಟುಕೊಂಡ.

“ಹೆದರಬ್ಯಾಡೋ. ನಾಳೆ ಮುಂಜಾನೆ ನಾನಽ ಸ್ಟೇಷನ್ನಿಗೆ ಹೋಗಿ ಅರ್ಜಿ ವಾಪಸ್ ತಗೋತೀನಿ.”

“ಹಾಗಾದ್ರೆ ನಾಳೆಯಿಂದ ದೋಸೆಗೂ ಕೂಗ್ಬಹುದಾ ಸಾರ್?”

“ಹಗಲೆಲ್ಲಾ ಕೂಗೋ ಮಾರಾಯಾ, ಈಗ ಬಾ ಮೊದಲ!”

ಮೋನಪ್ಪ ಮೈಕಿನ ಪಕ್ಕದ ಬೆಂಚು ಹತ್ತಿದ. ಕೆಳಗಿನಿಂದ ವಿಷ್ಣುತೀರ್ಥರು ಪಿಸುಗುಟ್ಟಿದರು, ಮೇಲಿನಿಂದ ಅವನು ಕೂಗಿದ. “ಇನ್ನೊಬ್ಬರ ಬಾಯಿ ಕಟ್ಟುವ ಅಧಿಕಾರ ಯಾರಿಗೂ ಇಲ್ಲಾ!” ಮಸಾಲೆ ದೋಸೆಗೆ ಎಳೆಯುವಂತೆಯೇ ಕೊನೆಯ ಅಕ್ಷರವನ್ನು ಎಳೆದ. ಮುರುಗನ್ ಕೋವಿಲ್ ಗೋಪುರದವರೆಗೂ ಕೇಳಿರಬೇಕು. ಚಪ್ಪಾಳೆ. “ಬಡವನ ದನಿಯೂ ದನಿಯೇ!” ಮತ್ತೆ ಚಪ್ಪಾಳೆ. ಬಹಳ ದಿನ ಕಟ್ಟಿಟ್ಟ ಗಂಟಲು, ಮೋನಪ್ಪನಿಗೆ ಹಬ್ಬ. ವಾಕ್ಯ ಮುಗಿದರೆ ಸಾಕು, ಅರ್ಥವಾಗಲಿ ಬಿಡಲಿ, ಜನ ತಟ್ಟುತ್ತಲೇ ಇದ್ದರು.

ಆಗ ಪೊಲೀಸ್ ಜೀಪು ಬಂದು ನಿಂತಿತು. “ಯಾರ್‌ಯಾ ಅದು ಕತ್ತರದು?” ಎಂದು ಕೂಗುವವನನ್ನು ಹುಡುಕಿ ಗದರಿಸುತ್ತಾ ಸಬ್ ಇನ್ಸ್‌ಪೆಕ್ಟರ್ ಇಳಿದ. ವಿಷ್ಣುತೀರ್ಥರು ಕೋಟಿನ ಜೇಬಿನಿಂದ ಪರ್ಮಿಷನ್ ಕಾಗದ ತೆಗೆದು ಎರಡೂ ಕೈಯಲ್ಲಿ ಕೊಟ್ಟರು. ಅವನು ಟಾರ್ಚ್ ಬಿಟ್ಟು ಓದಿ, “ಇದು ಮೈಕಿಗೆ ಕೊಟ್ಟ ಪರ್ಮಿಷನ್. ಈ ಗಂಟಲಿಗೆ ಎಲ್ಲಿದೆ?” ಎಂದು ತಮಿಳಿನಲ್ಲಿ ಕೇಳಿದ. ಕಾನ್‌ಸ್ಟೇಬಲ್ ಮೋನಪ್ಪನ ಮಣಿಕಟ್ಟು ಹಿಡಿದು ಬೆಂಚಿನಿಂದ ಎಳೆದ.

“ಸಾರ್, ಹೇಳಿ ಸಾರ್!” ಮೋನಪ್ಪ ವಿಷ್ಣುತೀರ್ಥರನ್ನು ನೋಡಿದ. “ನೀವೇ ಅಲ್ವಾ ಕೂಗ್ಲಿಕ್ಕೆ ಹೇಳಿದ್ದು?”

ವಿಷ್ಣುತೀರ್ಥರು ಆಸರೆಗೆಂದು ಮೈಕಿನ ಸ್ಟ್ಯಾಂಡು ಹಿಡಿದುಕೊಂಡು, ಆಫೀಸಿನ ತಮಿಳಿನಲ್ಲಿ ಸಬ್ ಇನ್ಸ್‌ಪೆಕ್ಟರಿಗೆ ಮೆಲ್ಲಗೆ ಏನೋ ಹೇಳತೊಡಗಿದರು. ಅರ್ಧದಲ್ಲಿ ಕರೆಂಟು ಬಂತು. ಕಂಬ ಕಂಬದ ಹಾರ್ನುಗಳಿಂದ ಅವರ ದನಿ ಬೀದಿಯ ಮೇಲೆ ಬಿತ್ತು:

“...ನಮಗೂ ಇವನಿಗೂ ಸಂಬಂಧವೇ ಇಲ್ಲ ಸಾರ್. ಇವನ ಗದ್ದಲದ ಬಗ್ಗೆ ನಾನೇ ನಿಮ್ಮ ಸ್ಟೇಷನ್ನಿಗೆ ಅರ್ಜಿ ಕೊಟ್ಟಿದ್ದೇನೆ!”

ವಾಕ್ಯ ಮುಗಿದಿತ್ತು. ಜನ ಚಪ್ಪಾಳೆ ತಟ್ಟಿದರು.

ಮೋನಪ್ಪನೂ ತಟ್ಟಲು ಹೋದ. ಒಂದು ಕೈ ಪೊಲೀಸಿನವನ ಹತ್ತಿರ ಇತ್ತು.