ನಕ್ಷೆಯ ಮಡಿಕೆ

ನಮ್ಮ ಜಿಲ್ಲೆಯನ್ನೇ ಮಾಯಾರಾಜ್ಯ ಮಾಡಿ ಬರೆದ ‘ಏಳು ಕೋಟೆ’ ಕಾದಂಬರಿಯ ಮೊದಲ ಸಂಪುಟದಲ್ಲಿ ಎರಡು ಪುಟದ ನಕ್ಷೆಯಿತ್ತು. ನಡುವಿನ ಹೊಲಿಗೆಯ ಮಡಿಕೆಯಲ್ಲಿ ಸಿಕ್ಕಿಬಿದ್ದ ಮೂರು ಹಳ್ಳಿಗಳು ನೆಲದ ಮೇಲೂ ಉಳಿಯಲಿಲ್ಲ. ಆ ದಾರಿಯ ಬಸ್ಸು ಈಗ ಹದಿನಾಲ್ಕು ಕಿಲೋಮೀಟರ್ ಕಡಿಮೆ ಓಡುತ್ತದೆ, ವೇಳಾಪಟ್ಟಿಯನ್ನೂ ತಿದ್ದಿದ್ದಾರೆ.

ಎರಡನೆಯ ಸಂಪುಟದ ಹಾಳೆಗಳು ಪ್ರೆಸ್ಸಿನಲ್ಲಿ ಬೈಂಡಿಂಗಿಗೆ ಬಂದಾಗ, ಹೊಲಿಗೆ ಕೆಲಸದ ನೀಲವ್ವ ಹೊಸ ನಕ್ಷೆಯಲ್ಲಿ ಮೊದಲು ಹುಡುಕಿದ್ದು ತವರೂರು ಕಡಲೆಕೊಪ್ಪವನ್ನು. ಅದು ಸರಿಯಾಗಿ ಮಡಿಕೆಯ ಮೇಲೆಯೇ ಇತ್ತು.

“ದುಂಡಪ್ಪಣ್ಣ, ನಕ್ಷೆ ಒಂದು ಬೆರಳು ಎಡಕ್ಕ ಸರಿಸಿ ಮಡಚಲೇನು?”

“ಮಡಚವಾ. ನಮ್ಮ ಮಾವನ ಊರಾಗಿದ್ರ ನಾ ಸರಸ್ತಿರಲಿಲ್ಲ,” ಎಂದು ಮೇಸ್ತ್ರಿ ನಕ್ಕ.

ಮೊದಲ ಪ್ರತಿ ಹೊಲಿದ ಕೂಡಲೇ ಅವಳು ಫೋನು ಹಚ್ಚಿದಳು.

“ಅವ್ವಾ, ಅದೀಯಲ್ಲ?”

“ಎಲ್ಲಿ ಹೋಗ್ಲಿ? ರೊಟ್ಟಿ ಬಡೀಲಿಕ್ಕತ್ತೀನಿ. ನಿನ್ನ ದನಿ ಯಾಕ ಇಷ್ಟು ದೂರ ಕೇಳಸ್ತದ?”

ನೀಲವ್ವ ಪುಸ್ತಕ ತೆರೆದಳು. ಕಡಲೆಕೊಪ್ಪ ಎಡಪುಟದಲ್ಲಿ ಸ್ಪಷ್ಟವಾಗಿತ್ತು. ಅದರ ಬಲಕ್ಕಿದ್ದ ಊರು, ಈ ಪ್ರೆಸ್ಸಿನ ಊರು, ಮಡಿಕೆಯೊಳಗೆ ಇಳಿದಿತ್ತು.

“ನೀಲವ್ವಾ, ಹೊಲಿಗಿ ಬಿಚ್ಚು!” ಕಿಟಕಿಯ ಬಳಿಯಿಂದ ದುಂಡಪ್ಪ ಕೂಗಿದ. “ಬೀದಿ ಕಾಣವಲ್ದು!”

ಅವಳು ಕತ್ತರಿಗೆ ಕೈ ಚಾಚಿದಳು. ಕತ್ತರಿ ಇಟ್ಟಿದ್ದ ಮೇಜು ಅಲ್ಲಿರಲಿಲ್ಲ.