ಹೊಳೆಯದ ಕಪ್ಪು

"ಹೊಳೆಯಬಾರದು," ಎಂದಳು ಸ್ಪಂದನ. "ಅದನ್ನ ಒಳಗಿಡು."

ಉಮೇರ್ ಕೈಯಲ್ಲಿದ್ದ ಟೈರ್ ಪಾಲಿಶ್ ಬಾಟಲಿಯನ್ನೂ ಅವಳ ಮುಖವನ್ನೂ ನೋಡಿದ. ಶಿರಾಳಕೊಪ್ಪದ ಸಂತೆ ದಿನ. ಗಾಡಿಗಳ ಸಾಮಾನು ಮಾರುವ ಅವನ ಅಂಗಡಿಯ ಮುಂದೆ ಬಸ್ಸು, ಟ್ರ್ಯಾಕ್ಟರುಗಳ ಗದ್ದಲ. ಸ್ಪಂದನ ಗಾಡಿ ಬಿಟ್ಟು ಇಳಿದಿರಲಿಲ್ಲ. ಅವನೇ ಬಾಟಲಿಗಳನ್ನು ಹೊರಗೆ ತಂದಿದ್ದ.

"ಮದುವೆ ಗಾಡಿ ಅಕ್ಕಾ. ಎಲ್ರೂ ಟೈರಲ್ಲಿ ಮುಖ ಕಾಣ್ಬೇಕು ಅಂತಾರೆ. ನೀವೊಬ್ರೇ..."

"ಮಿಂಚಿದ್ರೆ ಜನ ಟೈರನ್ನೇ ನೋಡ್ತಾರೆ. ಕೆಸರು ಮೆತ್ತಿದ್ರೂ ಟೈರನ್ನೇ ನೋಡ್ತಾರೆ. ತೊಳೆದು ಒಣಗಿಸಿದ ಹಾಗೆ ಬರೀ ಕಪ್ಪಗಿರ್ಲಿ. ಆಗ ನನ್ನನ್ನ ನೋಡ್ತಾರೆ."

ಉಮೇರ್ ನಕ್ಕ. ಸ್ಪಂದನಳ ಹೊಲಿಗೆ ಅಂಗಡಿ ಅದೇ ಸಾಲಿನಲ್ಲಿತ್ತು. ಅವಳ ಗಾಡಿಗೆ ಪಂಕ್ಚರ್ ಹಾಕುವುದು, ಬ್ರೇಕು ಬಿಗಿ ಮಾಡುವುದು ಅವನದೇ ಕೆಲಸ. ಅವಳು ಹಟ ಹಿಡಿದರೆ ಬಿಡುವವಳಲ್ಲ ಎಂದು ಅವನಿಗೆ ಗೊತ್ತಿತ್ತು.

ಮೊದಲು ಒಂದು ಜೆಲ್ ಹಚ್ಚಿ ನೋಡಿದರು. ಅವಳು ಕೊಟ್ಟ ಬಿಳಿ ಕರವಸ್ತ್ರವನ್ನು ಉಮೇರ್ ಅದರ ಮೇಲೆ ಒತ್ತಿದ. ಎಣ್ಣೆಯ ಕಲೆ ಎದ್ದು ಬಂತು.

"ಇದು ನನ್ನ ಧಾರೆ ಸೀರೆಗೆ ತಾಗಿದ್ರೆ ಮುಗೀತು."

"ಹೌದಲ್ವಾ, ತಲೆಗೇ ಹೊಳೀಲಿಲ್ಲ," ಎನ್ನುತ್ತಾ ಅವನು ಹಾಲಿನಂಥ ಇನ್ನೊಂದನ್ನು ತಂದ. "ಇದು ನೀರಿನದ್ದು. ಹಚ್ಚಿ, ಒಣಗೋಕೆ ಬಿಟ್ಟು, ಒರೆಸಿಬಿಡ್ಬೇಕು. ಪಕ್ಕಕ್ಕೆ ಮಾತ್ರ. ನೆಲಕ್ಕೆ ತಾಗೋ ಜಾಗಕ್ಕೆ ಹಚ್ಚಿದ್ರೆ ಜಾರುತ್ತೆ."

ಒಣಗಿದ ಮೇಲೆ ಟೈರು ಕಪ್ಪಾಯಿತು, ಮಿಂಚಲಿಲ್ಲ. ಕರವಸ್ತ್ರ ಬಿಳಿಯಾಗಿಯೇ ಉಳಿಯಿತು.

"ಇದೇ," ಎಂದಳು ಸ್ಪಂದನ.

ಅಷ್ಟರಲ್ಲಿ ಯಾರೋ ಪಕ್ಕಕ್ಕೆ ಬಂದು ಬಗ್ಗಿದರು. ಮದುಮಗ ರೇಣುಕಾಪ್ರಸಾದನ ದೊಡ್ಡಪ್ಪ ಶಾಂತವೀರಪ್ಪ. ತೊಗರ್ಸಿಯ ಆ ಮನೆಯಲ್ಲಿ ಅವರ ಮಾತು ಮೀರಿದವರಿಲ್ಲ.

"ಏನಮ್ಮಾ, ಗಾಡಿ ಸಿಂಗಾರ ನಡೀತಿದೆ?"

"ಹೌದು ದೊಡ್ಡಪ್ಪ. ಮದುವೆಗೆ."

ಅವರು ದನಿ ತಗ್ಗಿಸಿದರು. "ಗಾಡಿ ಛತ್ರದ ಹಿಂದೆ ಇರ್ಲಿ. ಸೋದರಮಾವ ಎತ್ಕೊಂಡು ಬಂದು ಮಂಟಪಕ್ಕೆ ಬಿಡೋದು ನಮ್ಮಲ್ಲೂ ಪದ್ಧತಿ ಇದೆ. ನೋಡೋಕೂ ಚೆಂದ."

"ಮಾವನಿಗೆ ಯಾಕೆ ತೊಂದ್ರೆ? ನಾನೇ ಓಡಿಸ್ಕೊಂಡು ಬರ್ತೀನಿ."

"ಮದುಮಗಳು ತಾನೇ ಗಾಡಿ ಓಡಿಸ್ಕೊಂಡು ಬರೋದು ಎಲ್ಲಾದ್ರೂ ಉಂಟೇನಮ್ಮಾ? ನೆಂಟ್ರು ಏನಂದಾರು?"

"ಏನಂತಾರೆ ಅಂತ ನಾನೂ ಕೇಳ್ಬೇಕು."

ಶಾಂತವೀರಪ್ಪ ನೆಟ್ಟಗಾದರು. ಸಂತೆಯೊಳಗೆ ನಡೆದುಬಿಟ್ಟರು.

ಸಂಜೆ ಹೊಸಬಾಳೆಯ ಮನೆಯಲ್ಲಿ ತಾಯಿ ಬಂಗಾರಮ್ಮ ರೇಷ್ಮೆ ಬಟ್ಟೆಯೊಂದನ್ನು ಹರಡಿಕೊಂಡು ಕೂತಿದ್ದಳು. "ಗಾಡಿಗೆ ಇದನ್ನ ಹೊದಿಸಿ, ಮೇಲೆ ಹೂವು ಸುತ್ತಿದ್ರೆ ಏನೂ ಕಾಣಲ್ಲ ಕಣೇ."

"ಕಾಣ್ಲಿ ಅಂತಲೇ ತೊಳೆದಿರೋದು."

"ಬಂದ ಸಂಬಂಧ ಕೈಬಿಟ್ರೆ?"

ಸ್ಪಂದನ ಫೋನು ಕೈಗೆತ್ತಿಕೊಂಡಳು. ಹೆದರಿಕೆ ಅವಳಿಗೂ ಇತ್ತು. ಅಕ್ಕನ ರವಿಕೆ ಕೊಡಲು ಅಂಗಡಿಗೆ ಬಂದು, ಆಮೇಲೆ ನೆಪಗಳನ್ನು ಹುಡುಕಿಕೊಂಡು ಬಂದವನು ರೇಣುಕಾಪ್ರಸಾದ್. ಅವಳಿಗೆ ಅವನು ಬೇಕಾಗಿದ್ದ. ಅವನಿಗೇ ಫೋನು ಮಾಡಿದಳು.

"ದೊಡ್ಡಪ್ಪ ಹೇಳಿದ್ರಾ?"

"ಹೇಳಿದ್ರು."

"ನೀನು ಏನಂದೆ?"

"ಅವರೆದುರು ಏನೂ ಅನ್ಲಿಲ್ಲ."

"ಹಾಗಾದ್ರೆ ಕೇಳು. ನಾನು ಬರೋದು ಮುಂಬಾಗಿಲಿಂದ. ನನ್ನ ಗಾಡಿಯಲ್ಲೇ. ಅದು ಆಗಲ್ಲ ಅಂದ್ರೆ ಅಲ್ಲಿಂದಲೇ ತಿರುಗಿಸ್ಕೊಂಡು ಹೋಗ್ತೀನಿ. ಹಿಂಬಾಗಿಲಿಂದ ಒಂದು ಮನೆ ಸೇರೋಳಲ್ಲ ನಾನು."

ಅವಳೇ ಫೋನಿಟ್ಟಳು.

ಮದುವೆಯ ಬೆಳಿಗ್ಗೆ ಶಿಕಾರಿಪುರದ ಛತ್ರದ ಅಂಗಳದಲ್ಲಿ ಜನವೋ ಜನ. ಧಾರೆ ಸೀರೆ ಉಟ್ಟ ಸ್ಪಂದನ ಮುಂಬಾಗಿಲಿನ ನೇರಕ್ಕೆ ಬಂದು ಬ್ರೇಕು ಹಾಕಿದಳು. ಸೋದರಮಾವ ಉಜ್ಜಪ್ಪ ಎರಡೂ ತೋಳು ಚಾಚಿ ಹತ್ತಿರ ಬಂದ. ಅವನ ಕಣ್ಣು ಒದ್ದೆಯಾಗಿತ್ತು.

"ಚಿಕ್ಕೋಳಿದ್ದಾಗ ಎತ್ತಿ ಆಡಿಸಿದ ಕೈ ಇದು. ಬಾ ಮಗಾ."

"ಮಾವ, ಆಮೇಲೆ ಎಷ್ಟು ಬೇಕಾದ್ರೂ ಎತ್ಕೋ. ಈಗ ಪಕ್ಕದಲ್ಲಿ ಬಾ, ಸಾಕು."

ಬಾಗಿಲಿನ ಮೆಟ್ಟಿಲುಗಳ ಮುಂದೆ ಶಾಂತವೀರಪ್ಪ ಅಡ್ಡ ನಿಂತರು. "ಇಲ್ಲಿಗೆ ಸಾಕಮ್ಮಾ. ಗಾಡಿ ಒಳಗೆ ಬರೋದು ಬೇಡ."

ವಾಲಗ ನಿಂತಿತು. ಸ್ಪಂದನಳ ಕೈ ಬ್ರೇಕಿನ ಮೇಲೇ ಇತ್ತು. ಬಿಡುವುದು ಒಂದು ಕ್ಷಣದ ಕೆಲಸ. ಮುಂದಕ್ಕೋ ಹಿಂದಕ್ಕೋ ಎಂಬುದಷ್ಟೇ ಉಳಿದಿತ್ತು.

ಆಗ ಬಾಸಿಂಗ ಕಟ್ಟಿಕೊಂಡಿದ್ದ ಮದುಮಗ ಮಂಟಪ ಬಿಟ್ಟು ಎದ್ದು ಬಂದ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ರೇಣುಕಾಪ್ರಸಾದ್ ದೊಡ್ಡಪ್ಪನ ಕಾಲು ಮುಟ್ಟಿ ನಮಸ್ಕರಿಸಿದ. ಎದ್ದು, ಅವರ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ದಾರಿ ಬಿಡಿ ದೊಡ್ಡಪ್ಪ. ಅವತ್ತು ಅನ್ನದೇ ಇದ್ದದ್ದನ್ನ ಈಗ ಅಂತಿದ್ದೀನಿ."

ದೊಡ್ಡಪ್ಪ ಸರಿದ ಮೇಲೆ ಹಿಂದಿದ್ದ ಮೆಟ್ಟಿಲುಗಳು ಕಂಡವು. ಮೆಟ್ಟಿಲುಗಳ ಮೇಲೆ ಇಳಿಜಾರಾಗಿ ಹಾಸಿದ ಹೊಸ ಹಲಗೆಗಳು. "ಬೆಳಿಗ್ಗೆ ನಾನೇ ಹೊಡೆಸ್ದೆ. ಗಟ್ಟಿ ಇವೆ," ಎಂದ ರೇಣುಕಾಪ್ರಸಾದ್, ಅವಳಿಗೆ ಮಾತ್ರ ಕೇಳುವಂತೆ.

ಸ್ಪಂದನ ಬ್ರೇಕು ಬಿಟ್ಟಳು. ಹುಟ್ಟಿದಾಗಿನಿಂದ ನೆಲ ಮುಟ್ಟಿ ನಡೆಯದ ಕಾಲುಗಳ ಮೇಲೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಎರಡೂ ಕೈಯಿಂದ ಗಾಲಿಗಳನ್ನು ಒತ್ತಿ ನೂಕಿ, ಇಡೀ ಛತ್ರ ತನ್ನ ಮುಖವನ್ನೇ ನೋಡುತ್ತಿರುವಾಗ, ಮದುಮಗಳು ತನ್ನ ವೀಲ್‌ಚೇರನ್ನು ತಾನೇ ಮಂಟಪದವರೆಗೆ ಓಡಿಸಿಕೊಂಡು ಹೋದಳು.